ಅತ್ತೆ ಹೊತ್ತು ತಂದ ಚಾಪೆ

"ಅಂಡಾಶಯದಲ್ಲಿ ಇರೋದು ನೀರು ತುಂಬಿದ ಗುಳ್ಳೆ ಅಷ್ಟೇ, ಕ್ಯಾನ್ಸರ್ ಗಡ್ಡೆ ಅಲ್ಲ ರೀ. ತಾನಾಗೇ ಕರಗಬಹುದು, ಎರಡು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ" ಎಂದರು ಶಿಕಾರಿಪುರದ ಡಾಕ್ಟರಮ್ಮ. ನನಗೆ ಹೋದ ಜೀವ ಬಂದಂತಾಯಿತು. ಪಕ್ಕದಲ್ಲಿದ್ದ ಅತ್ತೆ ಮಾತ್ರ ಪೆಚ್ಚಾದರು. ಆಪರೇಷನ್ನೇ ಆಗುತ್ತದೆ ಎಂದುಕೊಂಡು ಅವರು ತೊಗರ್ಸಿಯಿಂದ ಬಸ್ಸಿನಲ್ಲಿ, ನನ್ನ ಮಂಚದ ಪಕ್ಕ ಮಲಗಲು ಚಾಪೆ, ಕಂಬಳಿ, ವಾರಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಹೊತ್ತು ತಂದಿದ್ದರು.

"ಹಂಗಾದ್ರೆ ಇಷ್ಟು ರೊಟ್ಟಿ ಏನ್ ಮಾಡ್ಲಿ ರೀ?" ಎಂದು ಡಾಕ್ಟರನ್ನೇ ಕೇಳಿದರು. ಕೊನೆಗೆ ಹೊರಗೆ ಸರದಿಗೆ ಕಾದು ಕೂತಿದ್ದ ಹೆಂಗಸರ ಜೊತೆ ಹಂಚಿಕೊಂಡು ತಿಂದೆವು.

ಎರಡನೇ ಸ್ಕ್ಯಾನಿನಲ್ಲಿ ಗುಳ್ಳೆ ಕಾಣಲಿಲ್ಲ. ಅತ್ತೆಯ ಕಂಕುಳಲ್ಲಿ ಮಾತ್ರ ಆವತ್ತೂ ಅದೇ ಚಾಪೆ ಇತ್ತು.