ಗುಬ್ಬಿಯಲ್ಲಿ ತೆಗೆಯದ ಫೋಟೋ

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೂ ಚೀಲವನ್ನು ಹೆಗಲಿಗೇರಿಸಿರಲಿಲ್ಲ. ಕಡಲೆಕಾಯಿ ಮಾರುವ ಮುದುಕಿಯೊಬ್ಬಳು ನನ್ನ ಕೊರಳಿನ ಕ್ಯಾಮೆರಾ ನೋಡಿ, "ಏನ್ಲಾ, ಯಾವೂರ್ಲಾ ನಿಂದು? ನನ್ ಪಟ ತೆಗೀತೀಯೇನ್ಲಾ?" ಎಂದಳು. ಕಪಾಳಕ್ಕೆ ಬಿದ್ದಂತಾಯಿತು. ನಮ್ಮ ಬಿಜಾಪುರದ ಇಂಡಿ ಕಡೆ ಜಗಳಕ್ಕೆ ನಿಂತವರೂ 'ರೀ' ಹಚ್ಚಿಯೇ ಬೈಯುತ್ತಾರೆ. ಇಲ್ಲಿ 'ಲಾ' ಎಂದರೆ ಸಲಿಗೆ, ಬೈಗುಳವಲ್ಲ ಎಂದು ತಿಳಿಯುವ ಹೊತ್ತಿಗೆ ನಾನು ಅರ್ಧ ಊರಿನ ಮೇಲೆ ಮುನಿಸಿಕೊಂಡಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು ಅದು. ಒಂದು ಸ್ಟುಡಿಯೋದಲ್ಲಿ ಕೆಲಸ, ಮರಳೂರಿನಲ್ಲಿ ಒಂದು ಕೋಣೆ. ಹೋಟೆಲಿನಲ್ಲಿ ರಾಗಿಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡೆ. ಬಡಿಸುವವನು ಮರುಕಪಟ್ಟು, "ಅಗೀಬಾರ್ದು ಸಾ, ನುಂಗ್ಬೇಕು" ಎಂದ. ರೊಟ್ಟಿ ಮುರಿದು ಬೆಳೆದ ಕೈಗೆ ಮುದ್ದೆ ಉರುಳಿಸಲು ಬರಲು ಒಂದು ಮಳೆಗಾಲವೇ ಬೇಕಾಯಿತು. ಬಂದ ದಿನ ಮಾತ್ರ ಊರನ್ನೇ ಗೆದ್ದಂತೆ ಬೀಗಿದ್ದೆ.

ಭಾನುವಾರ ಒಬ್ಬನೇ ಕೋಣೆಯಲ್ಲಿ ಕೂತರೆ ಅವ್ವನ ನೆನಪಾಗಿ ಅಳು ಬರುತ್ತಿತ್ತು. ಹಾಗಾಗಿ ಕ್ಯಾಮೆರಾ ಹಿಡಿದು ಗುಬ್ಬಿಗೋ ಕುಣಿಗಲ್ಲಿಗೋ ಹೋಗುವುದು ರೂಢಿಯಾಯಿತು. ನಮ್ಮಲ್ಲಿ ಮನೆತನ ಗೊತ್ತಿಲ್ಲದವನ ಎದುರು ಯಾರೂ ಮುಖ ಎತ್ತುವುದಿಲ್ಲ. ಇಲ್ಲಿಯವರು ಊರು ಕೇಳುತ್ತಾರೆ, ಸುತ್ತುಬಳಸಿ ಜಾತಿ ಕೇಳುತ್ತಾರೆ, ಕಾಫಿ ಕೊಡುತ್ತಾರೆ, ಆಮೇಲೆ ಫೋಟೋಕ್ಕೆ ಒಪ್ಪುತ್ತಾರೆ. ತೊಂದರೆ ಶುರುವಾಗುವುದು ಒಪ್ಪಿದ ಮೇಲೆ. ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕೆಸರುಗಾಲಲ್ಲಿ ಮೀನು ಹಿಡಿಯುತ್ತಿದ್ದವನನ್ನು ಕೇಳಿದೆ. "ಒಂದ್ನಿಮ್ಷ ಇರಿ" ಎಂದು ಹೋದವನು ಮದುವೆಯ ಪ್ಯಾಂಟು ತೊಟ್ಟು, ತಲೆ ಬಾಚಿ ಬಂದ. ನನಗೆ ಬೇಕಾಗಿದ್ದದ್ದು ಕೆಸರು.

ತಿಂಗಳಿಗೊಂದು ರೀಲು ಕೊಳ್ಳುವುದೇ ನನಗೆ ಹೆಚ್ಚು. ಬೇಡದ ಫೋಟೋಕ್ಕೆ ಅದನ್ನು ಕಳೆಯದಿರಲು ಒಂದು ಉಪಾಯವಿತ್ತು. ಫ್ಲ್ಯಾಶಿನ ಹಿಂದೆ ಒಂದು ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ಬೆಳಕು ಮಾತ್ರ ಮಿಂಚುತ್ತದೆ, ರೀಲು ಅಲುಗುವುದಿಲ್ಲ. ಮದುವೆಮನೆಯಲ್ಲಿ ಕಾಡುವ ಮಕ್ಕಳನ್ನು ಹೀಗೆ ಸಮಾಧಾನ ಮಾಡುತ್ತಿದ್ದೆವು. ನಾನು ಅದನ್ನೇ ದೊಡ್ಡವರಿಗೂ ಮಾಡತೊಡಗಿದೆ. ಕೇಳಿದ್ದೇನೆ, ಮರ್ಯಾದೆ ಕೊಟ್ಟಿದ್ದೇನೆ, ಯಾರ ಮನಸ್ಸನ್ನೂ ನೋಯಿಸಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಗುಬ್ಬಿಯ ಪೇಟೆಬೀದಿಯಲ್ಲಿ ಗಫೂರ್ ಸಾಬರು ಮನೆಯ ಜಗುಲಿಯ ಮೇಲೇ ಛತ್ರಿ ರಿಪೇರಿ ಮಾಡುತ್ತಿದ್ದರು. ಹರಿದ ಕರಿಬಟ್ಟೆಯ ತೂತುಗಳಿಂದ ಬಿಸಿಲು ಅವರ ಗಡ್ಡದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. "ಒಂದ್ ಫೋಟೋ ತಗೀಲೇನ್ರೀ, ಸಾಹೇಬ್ರ?" ಎಂದೆ.

"ನನ್ನೊಬ್ಬಂದೇ ಯಾಕಪ್ಪಾ? ಇರು, ನಮ್ಮನೆಯವ್ರನ್ನ ಕೇಳ್ತೀನಿ. ಅವ್ಳು ಒಪ್ಪಿದ್ರೆ ಜೊತೇಲೇ ತೆಗಿ" ಎಂದು ಒಳಗೆ ಹೋದರು. ಒಳಗಿನಿಂದ ಉರ್ದುವಿನಲ್ಲಿ ಬಹಳ ಹೊತ್ತು ಮಾತು ಕೇಳಿಸಿತು. ಕೊನೆಗೆ ಅವರ ಹೆಂಡತಿ ಜೈನಬಿಯಮ್ಮ ಹಸಿರು ಸೀರೆಯುಟ್ಟು ಬಾಗಿಲಿಗೆ ಬಂದರು. "ನಾನು ಫೋಟೋಕ್ಕೆ ಕೂತೋಳೇ ಅಲ್ಲ ಕಣಪ್ಪಾ. ಇವ್ರು ಬುಡ್ಲಿಲ್ಲ" ಎಂದು ಸಾಬರ ಪಕ್ಕ ಕೂತು, ಸೆರಗು ಹೊದ್ದು, ಹೊದ್ದದ್ದನ್ನು ಮತ್ತೆ ಸರಿಮಾಡಿ, ಉಸಿರು ಬಿಗಿಹಿಡಿದು ನನ್ನ ಕಡೆ ನೋಡಿದರು. ಅಷ್ಟರಲ್ಲಿ ಚುಕ್ಕೆಬಿಸಿಲು ಹೋಗಿತ್ತು. ನಾನು ಗುಂಡಿ ಒತ್ತಿದೆ. ಬೆಳಕು ಮಿಂಚಿತು, ರೀಲು ತಿರುಗಲಿಲ್ಲ.

ಮತ್ತೆ ಗುಬ್ಬಿಗೆ ಹೋದಾಗ ಆ ಬೀದಿಯನ್ನು ತಪ್ಪಿಸಲು ನೋಡಿದೆ. ಸಾಬರು ದೂರದಿಂದಲೇ ಕಂಡು ಕೂಗಿದರು. "ಬಿಜಾಪುರದಪ್ಪಾ, ಬಾ ಇಲ್ಲಿ. ನಿನ್ನಿಂದ ನಮ್ಮನೇಲಿ ದಿನಾ ರಗಳೆ."

ಜೈನಬಿಯಮ್ಮನ ಕಣ್ಣುಗಳು ಬಾಡಿದ್ದವು. "ಆ ಫೋಟೋ ನಮಗೆ ವಾಪಸ್ ಕೊಟ್ಬುಡಪ್ಪಾ. ಸ್ಟುಡಿಯೋದವ್ರು ಗಾಜಿನ ಬೀರೂಲಿ ಇಡ್ತಾರಂತೆ. ಯಾರ್ಯಾರ್ ಕೈಗೆ ಹೋಯ್ತೋ ಅಂತ ನಂಗೆ ನಿದ್ದೆ ಇಲ್ಲ. ಅದ್ರದ್ದು ಕರ್ರಗೆ ಇರ್ತದಲ್ಲ, ನೆಗೆಟಿವ್ವು, ಅದನ್ನೂ ಕೊಡು. ಸುಟ್ಟಾಕ್ದೆ ಅಂತ ಹೇಳ್ಬೇಡ. ಕೈಗೇ ಕೊಡು."

ನಾಲಿಗೆಯ ತುದಿಗೆ ಬಂದಿದ್ದ ಸುಳ್ಳು ಅದೇ ಆಗಿತ್ತು. ಇನ್ನೊಬ್ಬರ ಮುಖವಿದ್ದ ನೆಗೆಟಿವ್ ತುಂಡೊಂದನ್ನು ತಂದುಕೊಟ್ಟರೂ ನಡೆಯುತ್ತದಲ್ಲ ಎಂದೂ ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೆ ಇಂದಿಗೂ ತಲೆ ತಗ್ಗುತ್ತದೆ. ಆ ಬಾಡಿದ ಕಣ್ಣುಗಳ ಎದುರು ಅದು ಆಗಲಿಲ್ಲ.

"ಫೋಟೋನೇ ತಗದಿಲ್ರೀ ಅಮ್ಮಾ. ಬರೇ ಬೆಳಕು ಬಿಟ್ಟಿದ್ದೆ. ರೀಲ್ ಉಳಸಾಕ."

"ಹಂಗಾರೆ ನನ್ ಮುಖ ಎಲ್ಲೂ ಇಲ್ವಾ?"

"ಎಲ್ಲೂ ಇಲ್ರೀ."

"ಯಾ ಅಲ್ಲಾ" ಎಂದು ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಸಾಬರು ಹೊಟ್ಟೆ ಹಿಡಿದು ನಕ್ಕರು. ಬದುಕಿದೆ ಎಂದುಕೊಂಡು ನಾನೂ ನಕ್ಕೆ. ಜೈನಬಿಯಮ್ಮ ಮಾತ್ರ ನಗಲಿಲ್ಲ. ನನ್ನನ್ನೇ ನೋಡಿ, ಮೆಲ್ಲಗೆ ಕೇಳಿದರು.

"ಮತ್ತೆ ಅವತ್ತು ನಾನು ಅಷ್ಟೊತ್ತು ಯಾರ್ ಮುಂದೆ ಕೂತಿದ್ದೆ?"

ಸಾಬರ ನಗೆ ನಿಂತಿತು. ಒಬ್ಬ ಹೆಂಗಸು ಒಳಗಿದ್ದ ಅಂಜಿಕೆಯನ್ನೆಲ್ಲ ನೂಕಿ, ನನ್ನನ್ನು ನಂಬಿ ಮುಖ ಎತ್ತಿದ್ದಳು. ನಾನು ಅಲ್ಲಿ ಇರಲೇ ಇಲ್ಲ. ಕದ್ದು ತೆಗೆದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಈಗ ರೀಲೇ ಇಲ್ಲದ ಕ್ಯಾಮೆರಾ ಬಂದಿದೆ. ಯಾರದನ್ನು ತೆಗೆದರೂ ಅಲ್ಲೇ ತೋರಿಸುತ್ತೇನೆ, ಬೇಡವೆಂದರೆ ಅವರೆದುರೇ ಅಳಿಸುತ್ತೇನೆ. ಮದುವೆಯ ಪ್ಯಾಂಟು ತೊಟ್ಟು ಬಂದರೆ ಪ್ಯಾಂಟಿನದನ್ನೇ ತೆಗೆಯುತ್ತೇನೆ. ಇಂಡಿಗೆ ಹೋದರೆ, "ಅದೇನ ಮಾತಿಗೊಮ್ಮಿ ಕಣಮ್ಮ ಕಣಮ್ಮ ಅಂತೀಯೋ" ಎಂದು ಅವ್ವ ನಗುತ್ತಾಳೆ. ಗುಬ್ಬಿಯಲ್ಲಿ ನಾನು ಇನ್ನೂ ಬಿಜಾಪುರದವನೇ. ಎರಡೂ ಕಡೆ ಬೇಕಾದವನು, ಎರಡೂ ಕಡೆ ಹೊರಗಿನವನು.

ರಂಜಾನ್ ಬಂದರೆ ಜೈನಬಿಯಮ್ಮ ಈಗಲೂ ಹೇಳಿಕಳಿಸುತ್ತಾರೆ. ನಮ್ಮ ಕಡೆ ಸುರಕುಂಬಾ ಎನ್ನುವ ಶ್ಯಾವಿಗೆ ಪಾಯಸವನ್ನು ಬಟ್ಟಲು ತುಂಬ ಬಡಿಸುತ್ತಾರೆ. ಆದರೆ ನಾನು ಬಾಗಿಲಿಗೆ ಬಂದೊಡನೆ ಅವರ ಕಣ್ಣು ಮೊದಲು ಹೋಗುವುದು ನನ್ನ ಹೆಗಲಿನ ಕ್ಯಾಮೆರಾದ ಕಡೆಗೆ.

"ಬಾರಪ್ಪಾ. ಅದನ್ನ ಚಪ್ಲಿ ಹತ್ರ ಇಟ್ಟು ಒಳೀಕ್ ಬಾ."

ಇಟ್ಟು ಹೋಗುತ್ತೇನೆ.