ರಿಜಿಸ್ಟರ್ ಅಂಚೆ ನಿಂತ ಮೇಲೆ ಬರೆದ ಎರಡು ಪತ್ರಗಳು

ಕಬ್ಬು ತುಂಬಿದ ಟ್ರೇಲರ್ ಹಿಂದಕ್ಕೆ ಉರುಳುವಾಗ ಸದ್ದು ಮಾಡುವುದಿಲ್ಲ. ಮುಂದೆ ಹೋಗುವಾಗ ಟ್ರ್ಯಾಕ್ಟರಿನ ಗುಡುಗು, ಮೇಲೆ ಕಟ್ಟಿದ ಸ್ಪೀಕರಿನ ಅರಚಾಟ ಎಲ್ಲ ಇರುತ್ತದೆ. ಕೊಂಡಿ ಕಳಚಿ ಒಂಟಿಯಾಗಿ ಇಳಿಜಾರಿನಲ್ಲಿ ಬರುವಾಗ ಮಾತ್ರ ಸುಮ್ಮನೆ ಬರುತ್ತದೆ. ಸಿಂದಗಿಯಿಂದ ನಾನು ಪಾಠ ಹೇಳುವ ಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಕ್ರಾಸ್ ಇದೆ. ಅಲ್ಲಿ ಬಸ್ ಬದಲಿಸಲು ಇಳಿದಿದ್ದೆ. ಬೆಳಗಿನ ಒಂಬತ್ತೂವರೆ. ಎರಡು ಮಾರು ದೂರದಿಂದ ನೋಡಿದೆ.

ಅಲ್ಲಿ ಬೇವಿನ ಮರದ ಬುಡದಲ್ಲಿ ದಿನವೂ ಪೇರಲ ಹಣ್ಣು ಮಾರುವ ಹೆಂಗಸು, "ಅಕ್ಕೋರ, ಉಪ್ಪು ಖಾರ ಹಚ್ಚಲ್ರಿ?" ಎಂದು ಕೇಳುತ್ತಿದ್ದಳು. ನಾನು ಬಸ್ ಬಂತೇನೋ ಎಂದು ರಸ್ತೆಯ ಕಡೆ ಎರಡು ಹೆಜ್ಜೆ ಸರಿದೆ. ಅಷ್ಟರಲ್ಲಿ ಅವಳ ಬುಟ್ಟಿ ಇರಲಿಲ್ಲ. ಅವಳ ಎಡಗಾಲು ಗಾಲಿಯ ಕೆಳಗಿತ್ತು. ಟ್ರೇಲರ್ ಮರಕ್ಕೆ ಬಡಿದು ನಿಂತಿತು. ಆ ಎರಡು ಹೆಜ್ಜೆಗಳನ್ನು ನಾನು ಈಗಲೂ ಮನಸ್ಸಿನಲ್ಲಿ ದಿನಕ್ಕೆ ಹತ್ತು ಸಲ ಇಡುತ್ತೇನೆ. ಕೆಲವು ಸಲ ಇಡದೆಯೂ ನೋಡುತ್ತೇನೆ.

ಇನ್ನೊಂದನ್ನೂ ನೋಡಿದ್ದೆ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆಯುತ್ತದೆ. ಅವೆರಡರ ನಡುವಿನ ಕೊಂಡಿಗೆ ದಪ್ಪನೆಯ ಪಿನ್ ಇರಬೇಕು. ಹಂಗಾಮಿನ ಗಡಿಬಿಡಿಯಲ್ಲಿ ಪಿನ್ ಸವೆದರೆ ಹೊಸದು ತರಲು ಯಾರೂ ನಿಲ್ಲುವುದಿಲ್ಲ. ಮನೆ ಕಟ್ಟಿ ಉಳಿದ ಕಬ್ಬಿಣದ ಸಳಿಯ ತುಂಡೊಂದನ್ನು ಸಿಕ್ಕಿಸಿ, ತಂತಿ ಸುತ್ತಿ ಹೊರಡುತ್ತಾರೆ. ಚಾಲಕ ಓಡಿ ಬಂದವನು ಮೊದಲು ಹೆಂಗಸಿನ ಕಡೆ ಹೋಗಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಬಾಗಿದ ಸಳಿಯನ್ನು ಎತ್ತಿ ಪಕ್ಕದ ತೊಗರಿ ಹೊಲಕ್ಕೆ ಬೀಸಿ ಒಗೆದ.

ಸಂಜೆಯ ಹೊತ್ತಿಗೆ ಊರಲ್ಲಿ ಬೇರೆಯೇ ಮಾತು ಹುಟ್ಟಿತ್ತು. ಅವಳು ಚಲಿಸುವ ಟ್ರೇಲರಿನಿಂದ ಕಬ್ಬು ಜಗ್ಗಲು ಹೋಗಿ ಬಿದ್ದಳಂತೆ. ಹುಡುಗರು ಹಾಗೆ ಜಗ್ಗುವುದು ನಿಜ. ಆದ್ದರಿಂದ ಎಲ್ಲರೂ ನಂಬಿದರು. ಉಳಿದವರು ಮರಕ್ಕೆ ಬಡಿದ ಸದ್ದು ಕೇಳಿ ಓಡಿ ಬಂದವರು. ಮೊದಲಿನಿಂದ ನೋಡಿದವಳು ನಾನೊಬ್ಬಳೇ. ಆಸ್ಪತ್ರೆಯಲ್ಲಿ ಅವಳು ಕಾಲಿನ ಬಗ್ಗೆ ಕೇಳಲಿಲ್ಲ. "ಮೂವತ್ತು ವರ್ಷ ಅದೇ ಗಿಡದ ಬುಡಕ ಕುಂತೇನ್ರಿ. ಕಬ್ಬಿಂದು ಒಂದು ಗಣಿಕಿ ಮುಟ್ಟಿಲ್ಲ. ಕಳ್ಳಿ ಅಂತ ಬರಕೋತಾರಂತ, ಹೌದೇನ್ರಿ?" ಎಂದಳು.

ಅಪಘಾತದ ವಿಚಾರಣೆಗೆ ಇಂಡಿಯಿಂದ ಬಂದಿದ್ದ ಅಧಿಕಾರಿಗೆ ಕಂಡದ್ದನ್ನೆಲ್ಲ ಬರೆದು ಕಳಿಸಲು ನಿರ್ಧರಿಸಿದೆ. ಕಚೇರಿಗೆ ಕೈಯಾರೆ ಕೊಟ್ಟರೆ "ಇಟ್ಟ್ ಹೋಗ್ರಿ" ಅನ್ನುತ್ತಾರೆ, ಮುಟ್ಟಿದ್ದಕ್ಕೆ ಮೊಹರು ಹಾಕಿಕೊಡುವುದಿಲ್ಲ. ಹಾಗಾಗಿ ಕಳೆದುಹೋಗಬಾರದ ಕಾಗದವನ್ನು ರಿಜಿಸ್ಟರ್ ಮಾಡುವುದು ನಮ್ಮ ಮನೆಯ ಪದ್ಧತಿ. ಬಸವನ ಬಾಗೇವಾಡಿಯಲ್ಲಿ ಮಾಸ್ತರರಾಗಿದ್ದ ಅಪ್ಪ ಸಹಿಯಾಗಿ ಮರಳಿ ಬಂದ ಸ್ವೀಕೃತಿ ಕಾರ್ಡುಗಳನ್ನು ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಹೆಸರಿದ್ದವರ ಕೈಗೇ ಮುಟ್ಟುತ್ತದೆ ಎಂಬ ಅವರ ನಂಬಿಕೆ ನನಗೂ ಬಂದಿತ್ತು.

ಸಿಂದಗಿಯ ಅಂಚೆ ಕಚೇರಿಯಲ್ಲಿ ಕೌಂಟರಿನವರು ಲಕೋಟೆ ತೂಗಿದರು. "ರಿಜಿಸ್ಟರ್ ಅಂತ ಬ್ಯಾರೆ ಇಲ್ರಿ ಅಕ್ಕೋರ ಈಗ. ಸ್ಪೀಡ್ ಪೋಸ್ಟಿನ್ಯಾಗ ಕೂಡಿಸ್ಯಾರ. ದರಾನೂ ಬದಲಾಗೇತಿ."

ನನ್ನ ಹಿಂದೆ ನಿಂತಿದ್ದ ಮುದುಕ ತಡೆಯಲಾರದೆ, "ಹಂಗಾರ ಇನ್ನ ರಿಜಿಸ್ಟರ್ ಮದಿವಿ ಅಷ್ಟ ಉಳದಾವ ಅನ್ರಿ" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ನಗೆಯ ನಡುವೆಯೇ ಕೌಂಟರಿನವರು, "ರಿಜಿಸ್ಟ್ರೇಶನ್ ಹಚ್ಚಲ್ರಿ?" ಎಂದು ಕೇಳಿದರು. ಈಗಷ್ಟೇ ಇಲ್ಲ ಎಂದವರು ಮತ್ತೆ ಏನು ಕೇಳುತ್ತಾರೆ ಎನಿಸಿ "ಬ್ಯಾಡ್ರಿ" ಎಂದೆ. ಎರಡನ್ನೂ ಕೂಡಿಸಿದ ಮೇಲೆ ಹಳೆಯದರ ಗುಣವೂ ಹೊಸದರಲ್ಲಿ ಸೇರಿರುತ್ತದೆ ಎಂದುಕೊಂಡಿದ್ದೆ. ಎಂ.ಎ. ಓದಿದವಳು ಮಾಡಿದ ತಪ್ಪು ಇದು. ಎರಡನೇ ದಿನ ಪತ್ರ ತಲುಪಿದೆ ಎಂದು ಫೋನಿಗೆ ಸಂದೇಶವೂ ಬಂತು.

ಅದರ ನಂತರದ ಭಾನುವಾರ ಟ್ರ್ಯಾಕ್ಟರಿನ ಮಾಲಕರು ಮನೆಗೆ ಬಂದರು. ನಲವತ್ತು ಎಕರೆಯವರು, ಊರಿಗೆಲ್ಲ ಸಾವಕಾರರು. ಚಹಾ ಕುಡಿದರು. ಕಪ್ಪು ಕೆಳಗಿಟ್ಟು ಹೇಳಿದರು:

"ನಿಮ್ಮ ಅಕ್ಷರ ಬಾಳ ಚಂದ ಅದಾವ್ರಿ ಅಕ್ಕೋರ. ಎರಡನೇ ಹಾಳ್ಯಾಗ ಸಳಿ ಅಂತ ಬರಿಯೂವಾಗ ಅಷ್ಟ ಒಂದು ಚಿತ್ತು ಆಗೇತಿ."

ಆ ಚಿತ್ತು ನಿಜವಾಗಿಯೂ ಇತ್ತು.

"ನಿಮಗ ಯಾರು ತೋರಿಸಿದ್ರಿ?"

"ಕಾಗದಕ್ಕ ಕಾಲು ಇರ್ತಾವ್ರಿ. ನೀವು ದಿನಾ ಅದ ಕ್ರಾಸಿನ್ಯಾಗ ನಿಂದರತೀರಲ್ಲ? ಹಂಗಾಮಿನ ದಿನ, ರಸ್ತಾ ಚಲೋ ಇರಂಗಿಲ್ಲ. ಹುಷಾರಿ ನೋಡ್ರಿ."

ಅವರು ದನಿ ಏರಿಸಲಿಲ್ಲ. ಹೋಗುವಾಗ ಚಪ್ಪಲಿ ಹಾಕಿಕೊಂಡು ಅವ್ವನಿಗೆ ಕೈಮುಗಿದರು. ಅವರು ಓಣಿ ದಾಟುವವರೆಗೆ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮುದ್ದೇಬಿಹಾಳದಿಂದ ಅಣ್ಣ ಫೋನಿನಲ್ಲಿ ಬೈದ. "ಬರಿಯೂದಿದ್ರ ಹೆಸರಿಲ್ಲದ ಬರಿಬೇಕಿತ್ತು. ನಿನಗ ಯಾಕ ಬೇಕಿತ್ತವಾ ಊರ ಉಸಾಬರಿ?"

ಮರುದಿನ ಮತ್ತೆ ಅಂಚೆ ಕಚೇರಿಗೆ ಹೋಗಿ ಕೌಂಟರಿನವರನ್ನೇ ಜಗಳಕ್ಕೆ ಎಳೆದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ಬರೇ ಸ್ಪೀಡ್ ಪೋಸ್ಟ್ ವಿಳಾಸಕ್ಕ ಮುಟ್ಟತೈತ್ರಿ. ಅಲ್ಲಿ ಇದ್ದವರು ಯಾರರ ತಗೋತಾರ. ಹೆಸರಿದ್ದವರ ಕೈಗೇ, ಇಲ್ಲಾ ಅವರು ಬರದು ಕೊಟ್ಟವರ ಕೈಗೇ ಹೋಗಬೇಕಂದ್ರ ರಿಜಿಸ್ಟ್ರೇಶನ್ ಹಚ್ಚಬೇಕು. ಅದಕ್ಕ ಮ್ಯಾಲೆ ಐದು ರೂಪಾಯಿ, ಟ್ಯಾಕ್ಸ್ ಬ್ಯಾರೆ. ನಾ ಅವತ್ತ ಕೇಳಿದ್ನೆಲ್ರಿ?"

ಕೇಳಿದ್ದರು. ನಾನೇ ಬೇಡ ಎಂದಿದ್ದೆ. ಅಧಿಕಾರಿಯ ಕಚೇರಿಯಲ್ಲಿ ಲಕೋಟೆ ಯಾರ ಮೇಜಿನ ಮೇಲೆ ತೆರೆಯಿತು, ಯಾರು ಸಾವಕಾರರಿಗೆ ತೋರಿಸಿದರು ಎಂಬುದು ಇಂದಿಗೂ ಗೊತ್ತಿಲ್ಲ. ಮೊದಲೆಲ್ಲ ರಿಜಿಸ್ಟರ್ ಎಂಬ ಒಂದೇ ಮಾತಿನೊಳಗೆ ಇದ್ದ ಭರವಸೆಯನ್ನು ಈಗ ಬೇರೆಯಾಗಿ ಕೇಳಿ ಪಡೆಯಬೇಕಾಗಿತ್ತು. ಸರಿ, ಕೇಳಿಯೇ ಪಡೆಯೋಣ ಎಂದುಕೊಂಡೆ.

ಅಲ್ಲಿಯೇ ಅಂಟಿನ ಡಬ್ಬಿ ಇಟ್ಟ ಮೇಜಿನ ಮುಂದೆ ನಿಂತು ಎರಡನೇ ಪತ್ರ ಬರೆದೆ. ಈ ಸಲ ಅಕ್ಷರ ಚಂದ ಬರಲಿಲ್ಲ. ಮೊದಲಿನದರಲ್ಲಿ ಇದ್ದುದನ್ನೆಲ್ಲ ಬರೆದೆ. ಸಾವಕಾರರು ಮನೆಗೆ ಬಂದದ್ದು, ಚಿತ್ತಿನ ಮಾತು ಹೇಳಿದ್ದು, ರಸ್ತೆ ಚಲೋ ಇರುವುದಿಲ್ಲ ಎಂದದ್ದನ್ನೂ ಸೇರಿಸಿದೆ. ಲಕೋಟೆಯ ಮೇಲೆ ಅಧಿಕಾರಿಯ ಹುದ್ದೆಯ ಜೊತೆ ಅವರ ಹೆಸರು ಬರೆದೆ. ಕಳಿಸುವವರ ಜಾಗದಲ್ಲಿ ನನ್ನ ಹೆಸರು, ಶಾಲೆ, ಓಣಿ, ಫೋನ್ ನಂಬರು, ಎಲ್ಲವನ್ನೂ ದೊಡ್ಡದಾಗಿ ಬರೆದೆ. ನನ್ನ ಮನೆ ಎಲ್ಲಿದೆ ಎಂಬುದು ಸಾವಕಾರರಿಗೆ ಗೊತ್ತಾಗಿದ್ದ ಮೇಲೆ ಅಡಗಿಸಿ ಯಾರಿಂದ ಕಾಪಾಡಿಕೊಳ್ಳಬೇಕಿತ್ತು?

"ಹಚ್ಚಲ್ರಿ?" ಎಂದರು ಕೌಂಟರಿನವರು.

"ಹಚ್ಚರಿ. ಮುಟ್ಟಿದ್ದಕ್ಕ ಸಹಿ ಮಾಡಿದ ಪುರಾವೆನೂ ಬೇಕು. ಅದಕ್ಕೇನು ಕೊಡಬೇಕೋ ಅದನ್ನೂ ತಗೋರಿ."

ಅದು ಹೋಗಿ ಮುಟ್ಟುವವರೆಗೂ ಬೆಳಿಗ್ಗೆ ಅದೇ ಕ್ರಾಸಿನಲ್ಲಿ ಬಸ್ಸಿಗೆ ನಿಂತೆ. ಬೇರೆ ದಾರಿ ಇರಲಿಲ್ಲವೆಂದಲ್ಲ. ಅಣ್ಣ ಮೋಟರ್ ಸೈಕಲ್ ಕಳಿಸುತ್ತೇನೆ ಎಂದಿದ್ದ. ಒಂದೊಂದು ಟ್ರ್ಯಾಕ್ಟರ್ ಹೋದಾಗಲೂ ನನ್ನ ಬೆನ್ನು ಬೆವರುತ್ತಿತ್ತು. ಬೆವರಲಿ ಎಂದು ನಿಲ್ಲುತ್ತಿದ್ದೆ.

ಈ ಸಲ ಅಧಿಕಾರಿಯೇ ಫೋನ್ ಮಾಡಿದರು. ಮೊದಲಿನ ಪತ್ರ ತಮಗೆ ಬಂದೇ ಇಲ್ಲ ಎಂದರು. ಇಂಡಿಯ ತಮ್ಮ ಕಚೇರಿಯಲ್ಲಿ ವಿಚಾರಣೆ ಇಟ್ಟರು. ಸಾವಕಾರರು ಎದುರಿನ ಕುರ್ಚಿಯಲ್ಲಿ ಕುಳಿತು, "ಅಕ್ಕೋರಿಗೆ ದೂರದ್ದು ಸರಿ ಕಾಣಂಗಿಲ್ಲೇನೋ" ಎಂದರು.

"ಹಾಳ್ಯಾಗಿನ ಚಿತ್ತು ನಿಮಗ ಕಾಣ್ತಲ್ರಿ ಸಾವಕಾರ, ಎರಡು ಮಾರಿನಾಗಿನ ಸಳಿ ನನಗ ಕಾಣಂಗಿಲ್ಲೇನು?" ಎಂದೆ. ಅದೇ ಮಧ್ಯಾಹ್ನ ಅಧಿಕಾರಿಯ ಜನ ತೊಗರಿ ಹೊಲದಲ್ಲಿ ಹುಡುಕಿದರು. ದಟ್ಟ ತೊಗರಿಯೊಳಗೆ ಸಾವಕಾರರ ಆಳುಗಳ ಕಣ್ಣಿಗೆ ಬಿದ್ದಿರದ ಸಳಿ ಸಿಕ್ಕಿತು, ತಂತಿ ಸಮೇತ.

ವರದಿಯ ನಕಲು ಬಂದ ದಿನ ಶಾಲೆ ಬಿಟ್ಟೊಡನೆ ಆಸ್ಪತ್ರೆಗೆ ಹೋದೆ. ಅವಳ ಕಾಲಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಕಬ್ಬು ಜಗ್ಗಿದ್ದಕ್ಕೆ ಯಾವ ಸಾಕ್ಷಿಯೂ ಇಲ್ಲ, ಆಕೆ ತನ್ನ ಜಾಗದಲ್ಲಿ ಕುಳಿತಿದ್ದಳು ಎಂಬ ಸಾಲನ್ನು ಓದಿ ಹೇಳಿದೆ.

"ಮೆಲ್ಲಕ ಯಾಕ ಓದ್ತೀರಿ?" ಎಂದಳು. "ಆ ಕಡೀ ಕಾಟಿನವರಿಗೆ ಕೇಳೂ ಹಂಗ ಓದ್ರಿ. ಕಳ್ಳಿ ಅಂದದ್ದು ಅಲ್ಲೀತನಾ ಕೇಳಿತ್ತು."

ಎದ್ದು ನಿಂತು ಮೊದಲಿನಿಂದ ಓದಿದೆ. ನರ್ಸ್ ಬಂದು ಗದ್ದಲ ಮಾಡಬ್ಯಾಡ್ರಿ ಎಂದಳು. ನಾನು ಓದು ನಿಲ್ಲಿಸಲಿಲ್ಲ.