ಅಕ್ಕನ ತುಪ್ಪ, ನನ್ನ ಹಿಂಡಿ

ಶ್ರಾವಣಿ, ಸಂಗಮೇಶ, ನೀವು ‘ಹುಮನಾಬಾದ ಆಯಿ’ ಎನ್ನುತ್ತಿದ್ದ ಕಾಶಿಬಾಯಿ ಹಸಿಮೆಣಸಿನಕಾಯಿಯನ್ನು ನೀವು ಸೌತೆಕಾಯಿ ತಿಂದ ಹಾಗೆ ಕಚಕಚನೆ ತಿನ್ನುತ್ತಿದ್ದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮುಖ ಮಾತ್ರ ಹಬ್ಬದ ದಿನದಂತೆ ಅರಳಿರುತ್ತಿತ್ತು. ಆ ಮುಖವನ್ನು ನಮ್ಮ ಮನೆಯಲ್ಲಿ ಬಹಳ ವರ್ಷ ಕಂಡವಳು ನಾನೊಬ್ಬಳೇ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ನಿಮಗೇ ಗೊತ್ತು. ನಾಲ್ಕು ಮಂದಿ ಎದುರಿಗೆ ಕೂತರೆ ಎದ್ದು ಒಳಗೆ ಹೋಗುತ್ತೇನೆ. ತವರೂರು ಮೋರಖಂಡಿಯ ಶಾಲೆಯಲ್ಲಿ ಕಲಿತ ಅಕ್ಷರ ಇವೆಯಲ್ಲ, ಅವುಗಳಲ್ಲಿ ಬರೆಯುತ್ತೇನೆ.

ಕಾಶಿಬಾಯಿ ನನ್ನ ನೆಗೆಣ್ಣಿ, ಅಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಬಸವಕಲ್ಯಾಣದ ಈ ಮನೆಗೆ ನನಗಿಂತ ಮೊದಲು ಸೊಸೆಯಾಗಿ ಬಂದವಳು. ನಮ್ಮ ಅತ್ತೆಯ ತಂದೆ ನಾಡಿ ಹಿಡಿದು ಔಷಧ ಕೊಡುತ್ತಿದ್ದವರಂತೆ. ಅವರಿಗೆ ಬೇರು ಕುಟ್ಟಿಕೊಡುತ್ತ ಬೆಳೆದ ಅತ್ತೆಗೆ ಯಾರನ್ನು ಕಂಡರೂ ಮೊದಲು ಕಾಣುತ್ತಿದ್ದುದು ವಾತ, ಪಿತ್ತ, ಕಫ. ಒಬ್ಬೊಬ್ಬರ ಮೈ ಒಂದೊಂದು ಥರ ಇರುವಾಗ ಎಲ್ಲರಿಗೂ ಒಂದೇ ಊಟ ಬಡಿಸುವುದು ಅವರ ಲೆಕ್ಕದಲ್ಲಿ ಅಡಿಗೆಯೇ ಅಲ್ಲ, ದನಕ್ಕೆ ಮೇವು ಹಾಕುವ ಕೆಲಸ.

ಅಕ್ಕನ ಮೈ ಮುಟ್ಟಿದರೆ ಬಿಸಿ. ಹಸಿವಾದರೆ ಒಂದು ಗಳಿಗೆ ತಡೆಯಳು. ಮಾತು ಚುರುಕು. ಪಿತ್ತದ ಮೈ ಎಂದು ಅತ್ತೆ ಅವಳಿಗೆ ಖಾರ, ಹುಳಿ ಬಂದ್ ಮಾಡಿದ್ದರು. ತಾಟಿನಲ್ಲಿ ತುಪ್ಪ, ಹಾಲು, ಸಪ್ಪನೆಯ ಹೆಸರುಬೇಳೆ, ಕೊನೆಗೆ ಕಲ್ಲುಸಕ್ಕರೆ. ನಾನು ಬಂದ ವಾರದಲ್ಲೇ ನನ್ನದೂ ತೀರ್ಮಾನವಾಯಿತು. ದಟ್ಟ ಕೂದಲು, ನಿಧಾನ ನಡಿಗೆ, ಕೇಳಿದ್ದಕ್ಕಷ್ಟೇ ಉತ್ತರ. “ಈಕಿದು ಕಫದ ಮೈ. ಸಿಹಿ ಕೊಟ್ರ ಮಲಗೇಬಿಡ್ತಾಳ” ಎಂದರು. ನನ್ನ ತಾಟಿಗೆ ತುಪ್ಪ ಕಾಣದ ರೊಟ್ಟಿ, ಹುರುಳಿ ಕಟ್ಟು, ಶುಂಠಿ, ಅದರ ಪಕ್ಕ ಹಿಂಡಿ, ಅಂದರೆ ಕೆಂಪು ಮೆಣಸಿನಕಾಯಿ ಕುಟ್ಟಿದ ಚಟ್ನಿ. ತವರಿನಲ್ಲಿ ಬೆಲ್ಲ ತುಪ್ಪ ಕಲಸಿಕೊಂಡು ಉಂಡವಳು ನಾನು. ಹಿಂಡಿ ನೋಡಿಯೇ ಅಳು ಬಂತು.

ಆ ಮಧ್ಯಾಹ್ನ ಗಂಡಸರು ಉಂಡು ಎದ್ದ ಮೇಲೆ ನಾವಿಬ್ಬರೂ ಒಲೆಯ ಹತ್ತಿರ ಎದುರುಬದುರು ಕೂತಿದ್ದೆವು. ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಅಕ್ಕ ತನ್ನ ತುಪ್ಪದ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ನನ್ನ ಹಿಂಡಿಯನ್ನು ಎತ್ತಿ ತನ್ನ ರೊಟ್ಟಿಯೊಳಗೆ ಮುಚ್ಚಿಕೊಂಡಳು.

“ಏನ್ ನೋಡಾಕತ್ತಿ? ಉಣ್ಣು. ನಿನ್ನ ಕಫದ ಔಷಧ ನಾ ತಿಂತೀನಿ, ನನ್ನ ಪಿತ್ತದ್ದು ನೀ ತಿನ್ನು.”

ಅಂದಿನಿಂದ ಅದೇ ನಮ್ಮ ರಿವಾಜು. ಅತ್ತೆ ಬೆನ್ನು ತಿರುಗಿಸಿದರೆ ಸಾಕು, ಬಟ್ಟಲು ಆಚೆ ಈಚೆ. ಒಮ್ಮೆ ಅತ್ತೆ ಓಣಿಯ ಹೆಂಗಸರನ್ನು ಕೂಡಿಸಿಕೊಂಡು, ಖಾರ ಬಿಡಿಸಿದ ಮೇಲೆ ದೊಡ್ಡ ಸೊಸೆ ಎಷ್ಟು ತಣ್ಣಗಾಗಿದ್ದಾಳೆ ನೋಡಿ ಎಂದು ಹೇಳುತ್ತಿದ್ದರು. ಆಗಷ್ಟೇ ನನ್ನ ಪಾಲಿನ ಹಿಂಡಿ ಮುಗಿಸಿ ಬಂದಿದ್ದ ಅಕ್ಕ, ಉರಿಯುವ ಬಾಯಿಗೆ ಗಾಳಿ ಎಳೆದುಕೊಳ್ಳುತ್ತ “ಹೌದ್ರಿ ಅತ್ತಿ” ಎಂದಳು. ನಾನು ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ.

ಸಿಟ್ಟು ಅವಳಿಗೆ ಬರುತ್ತಿತ್ತು, ಸುಳ್ಳಲ್ಲ. ಅವಳ ತವರಿನಿಂದ ಬಂದ ಎಮ್ಮೆಯನ್ನು ಭಾವ ಅವಳನ್ನು ಕೇಳದೆ ಮಾರಿದ ದಿನ ಮನೆ ಹಾರಿಹೋಗುವಂತೆ ಕೂಗಿದಳು. ಪಿತ್ತ ಕೆರಳಿದೆ ಎಂದು ಅತ್ತೆ ಕೊತ್ತಂಬರಿ ಬೀಜ ಅರೆದು ಹಾಕಿದ ಮಜ್ಜಿಗೆ ಕೊಟ್ಟರು. ಅಕ್ಕ ಕುಡಿದು ಲೋಟ ನನ್ನ ಕೈಗಿಟ್ಟಳು. “ಸಿಟ್ಟು ಬಂತಂದ್ರ ಮಜ್ಜಿಗಿ ಕೊಡ್ತಾರ ತಂಗಿ. ಎಮ್ಮಿ ತಿರುಗಿ ಕೊಡಂಗಿಲ್ಲ.”

ಕೆಲವು ವರ್ಷಗಳಾದ ಮೇಲೆ ಅವಳಿಗೆ ಹೊಟ್ಟೆ ಉರಿ ಶುರುವಾಯಿತು. ಉಂಡದ್ದು ನಿಲ್ಲುತ್ತಿರಲಿಲ್ಲ. ಅತ್ತೆಯ ಕಷಾಯ ನಾಟದೆ ಹುಮನಾಬಾದಿನ ಡಾಕ್ಟರ ಹತ್ತಿರ ಹೋದೆವು. ಜೊತೆಗೆ ನಾನೂ ಇದ್ದೆ. ಖಾರ ಬಹಳ ತಿನ್ನುತ್ತೀರೇನು ಎಂದು ಡಾಕ್ಟರು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: “ಖಾರ ಈಕಿಗೆ ಮುಟ್ಟಸಂಗೇ ಇಲ್ರಿ. ಸಣ್ಣ ಸೊಸಿಗೆ ಕೇಳ್ರಿ ಬೇಕಾದ್ರ.”

ಡಾಕ್ಟರು ನನ್ನ ಕಡೆ ನೋಡಿದರು. ಅಕ್ಕನೂ ನೋಡಿದಳು. ನಾನು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದೆ.

ಅಕ್ಕ ತಾನೂ ಹೇಳಲಿಲ್ಲ. ಹೇಳಿದ್ದರೆ ಬೈಗುಳ ನನಗೂ ಬೀಳುತ್ತಿತ್ತು. ಹೊಟ್ಟೆಯಲ್ಲಿ ಹುಣ್ಣು ಎಂದು ಡಾಕ್ಟರು ಕೊಟ್ಟ ಗುಳಿಗೆ ತೆಗೆದುಕೊಂಡು ಮನೆಗೆ ಬಂದೆವು. ಆ ಸಂಜೆ ಊಟಕ್ಕೆ ಕೂತಾಗ ಬಟ್ಟಲು ಮತ್ತೆ ನನ್ನ ಕಡೆ ಬಂತು. ನಾನು ಹಿಂಡಿ ಕೊಟ್ಟೆ, ತುಪ್ಪ ತಿಂದೆ. ಹುಣ್ಣು ಬರೀ ಖಾರದಿಂದ ಆಗುವುದಿಲ್ಲವಂತೆ, ನಿಮ್ಮಪ್ಪ ಈಚೆಗೆ ಹೇಳಿದ. ಇರಬಹುದು. ಆದರೆ ಆ ಸಂಜೆಯ ತುಪ್ಪದ ರುಚಿ ನನಗೆ ಇನ್ನೂ ನೆನಪಿದೆ, ಚೆನ್ನಾಗಿತ್ತು ಎಂಬುದೂ ನೆನಪಿದೆ.

ಮುಂದೆ ಭಾವ ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ ಇಟ್ಟರು, ಅಕ್ಕ ಅಲ್ಲಿಗೆ ಹೋದಳು. ಅತ್ತೆ ತೀರಿಹೋದರು, ಭಾವ ಹೋದರು, ನಿಮ್ಮ ಅಜ್ಜನೂ ಹೋದರು. ಉರಿ ಮಾತ್ರ ಅಕ್ಕನನ್ನು ಬಿಡಲಿಲ್ಲ, ಬಂದು ಹೋಗಿ ಮಾಡುತ್ತಿತ್ತು. ಕಳೆದ ವರ್ಷ ಹಾಸಿಗೆ ಹಿಡಿದಳು. ಒಂದು ದಿನ ಫೋನಿನಲ್ಲಿ ಪಿಸುಗುಟ್ಟಿದಳು: “ಬರೂಮುಂದ ಒಂದೀಟು ಹಿಂಡಿ ತಗೊಂಡ್ ಬಾ. ಹೊಟ್ಟಿಗಿಂತ ಮೊದಲ ನಾಲಗಿ ಸಾಯಾಕತ್ತೈತಿ.”

ಒಳಕಲ್ಲಿನಲ್ಲಿ ಕುಟ್ಟಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಚೀಲದ ತಳದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅಕ್ಕ ಗೋಡೆಗೊರಗಿ ಕೂತಿದ್ದಳು, ಕೈ ಜೋಳದ ದಂಟಿನಂತಾಗಿತ್ತು. ಮುಂದೆ ಗಂಜಿ, ಚಿಕ್ಕ ಬಟ್ಟಲಲ್ಲಿ ಒಂದು ಚಮಚ ತುಪ್ಪ. ಅಕ್ಕನ ಸೊಸೆ ಸುವರ್ಣಾ ಒಳ್ಳೆಯ ಹುಡುಗಿ. ಖಾರ ಸ್ವಲ್ಪವೂ ಕೊಡಬಾರದೆಂದು ಡಾಕ್ಟರು ಹೇಳಿದ್ದಾರೆ ಚಿಕ್ಕಮ್ಮ ಎಂದು ನನಗೆ ತಿಳಿಸಿ, ಚಹಾ ಮಾಡಲು ಒಳಗೆ ಹೋದಳು.

ಅಕ್ಕ ಬಾಗಿಲ ಕಡೆ ನೋಡಿ, ನನ್ನ ಚೀಲದ ಕಡೆ ನೋಡಿದಳು. ನಾನು ಕೈ ಹಾಕಿದೆ. ಡಬ್ಬಿಯ ಮುಚ್ಚಳ ಬೆರಳಿಗೆ ತಾಗಿತು. ಡಾಕ್ಟರ ಕೋಣೆಯ ನೆಲ ಕಣ್ಣ ಮುಂದೆ ಬಂತು. ಕೈ ಹೊರಗೆ ತೆಗೆದಾಗ ಅದರಲ್ಲಿ ಬರೀ ವಸ್ತ್ರವಿತ್ತು, ಮುಖ ಒರೆಸಿಕೊಂಡೆ.

ಅಕ್ಕ ನಕ್ಕಳು, ಸದ್ದಿಲ್ಲದೆ. “ಅತ್ತಿ ನಿನ್ನ ಮೈ ತಪ್ಪು ಹೇಳಿದ್ಳು. ನಿಂದು ಕಫ ಅಲ್ಲ ತಂಗಿ, ಅಂಜಿಕಿ.” ಆಮೇಲೆ ತುಪ್ಪದ ಬಟ್ಟಲನ್ನು ಎರಡು ಬೆರಳಿನಿಂದ ಮೆಲ್ಲಗೆ ನನ್ನ ಕಡೆ ತಳ್ಳಿದಳು.

ನಾನು ತಿಂದೆ. ಅವಳು ತನ್ನ ಪಾಲು ಕೊಟ್ಟಳು, ನನ್ನದು ಚೀಲದಲ್ಲೇ ಉಳಿಯಿತು.

ನಾನು ಮತ್ತೆ ಹೋಗುವಷ್ಟರಲ್ಲಿ ಅವಳು ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಆ ಡಬ್ಬಿ ತೆರೆದು ರೊಟ್ಟಿಗೆ ಹಚ್ಚಿಕೊಂಡೆ. ಎರಡು ತುತ್ತಿಗೇ ಕಣ್ಣು ಕಾಣದಾಯಿತು. ಇದನ್ನು ಅವಳು ಅಷ್ಟು ವರ್ಷ ಹೇಗೆ ನಗುತ್ತ ತಿಂದಳೋ.

ಮಕ್ಕಳೇ, ಈ ಹಾಳೆಗಳನ್ನು ಹಳೆ ಪುಸ್ತಕದ ಜೊತೆ ರದ್ದಿಗೆ ಹಾಕಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ. ಆ ಡಾಕ್ಟರು ಅಂದು ಕೇಳಿದ್ದಕ್ಕೆ ನಾನು ಕೊಟ್ಟ ನಿಜವಾದ ಉತ್ತರ ಇದೊಂದರಲ್ಲೇ ಇದೆ.